ಪ್ರಶ್ನೆ ಹದಿನಾಲ್ಕು

ಆರ್ಕ್ನಿಯ ಈ ನಡುಗಡ್ಡೆಯಲ್ಲಿ ಮರಗಳಿಲ್ಲ.
ನಿಲ್ಲಹೊರಟದ್ದನ್ನೆಲ್ಲ ಗಾಳಿ ಮಲಗಿಸಿದೆ,
ಕಲ್ಲಿನ ಮನೆಗಳ ಹೊರತು,
ಗುಡ್ಡದ ಮೇಲಿನ ಆ ಒಂದು ಗಾಳಿಯಂತ್ರದ ಹೊರತು.

ಹಡಗಿನಿಂದಿಳಿದ ನನ್ನ ಕೈಯಲ್ಲಿ ಒಂದು ಹಲಗೆ,
ಹಲಗೆಗೆ ಕಚ್ಚಿಸಿದ ಇಪ್ಪತ್ತು ಪ್ರಶ್ನೆ,
ಕಳೆಯದಿರಲೆಂದು ದಾರ ಕಟ್ಟಿದ ಪೆನ್ನು.

ಥೋರಾ ಲಿಂಕ್ಲೇಟರ್ ಬಾಗಿಲು ತೆರೆದದ್ದು ಅರ್ಧ.
"ಬೇಗ ಒಳಗೆ ಬಾ, ಬಿಸಿ ಓಡಿಹೋಗುತ್ತೆ",
ಕೋಳಿ ಓಡಿಹೋಗುತ್ತೆ ಎನ್ನುವ ಹಾಗೆ.
ಒಳಗೂ ನನ್ನ ಉಸಿರು ನನ್ನ ಕಣ್ಣಿಗೆ ಕಾಣುತ್ತಿತ್ತು.

ಒಂದು: ಖಾಲಿ ಕೋಣೆಯ ದೀಪ ಆರಿಸುತ್ತೀರಾ?
"ನಾನಿರುವ ಕೋಣೆಯದನ್ನೂ."

ನಾಲ್ಕು: ಕೆಟಲಿನಲ್ಲಿ ಬೇಕಾದಷ್ಟೇ ನೀರು ಕಾಯಿಸುತ್ತೀರಾ?
ಉತ್ತರದ ಬದಲು ಬಟ್ಟಲು ತಂದಳು.
ಒಳಗೆ ಚಹಾದ ಕಂದು ಗೆರೆ,
ಉಬ್ಬರ ಇಳಿದ ಮೇಲೆ ಬಂಡೆಗೆ ಉಳಿಯುವಂಥದ್ದು.
ಗೆರೆಯ ತನಕ ಅಳೆದು ಕೆಟಲಿಗೆ ಸುರಿದಳು.
ತಡೆದು ನಿಂತು, ನನ್ನನ್ನು ನೋಡಿ,
ಇನ್ನೊಂದು ಬಟ್ಟಲು ಅಳೆದಳು.

ಏಳು: ಕೊಳ್ಳುವಾಗ ಭೂಮಿಯ ಬಗ್ಗೆ ಯೋಚಿಸುತ್ತೀರಾ?
"ಯಾವ ಭೂಮಿ? ಹಿತ್ತಲಿನದೋ?"

ಮೀಟರು ಇದ್ದದ್ದು ಅಡಿಗೆಮನೆಯ ಗೂಡಿನಲ್ಲಿ.
ಅದಕ್ಕೊಂದು ಪ್ಲಾಸ್ಟಿಕ್ ಕೀಲಿ.
ಅಂಗಡಿಯಲ್ಲಿ ಹತ್ತು ಪೌಂಡು ತುಂಬಿಸಿ ತಂದು ತೂರಿಸಿದರೆ
ಮನೆಗೆ ಹತ್ತು ಪೌಂಡಿನಷ್ಟು ಜೀವ.
ಈಗ ಉಳಿದದ್ದು ಒಂದು ನಲವತ್ತು.
ಹಾಲು ಉಕ್ಕೀತೆಂದು ಒಲೆಯತ್ತ ನೋಡುವಂತೆ
ಮಾತಿನ ನಡುವೆ ಆಕೆಯ ಕಣ್ಣು ಅತ್ತ ಹೋಗಿ ಬರುತ್ತಿತ್ತು.
ಉಕ್ಕಲಿಲ್ಲ. ಇಳಿಯುತ್ತಿತ್ತು.
ಒಂದು ಮೂವತ್ತೆಂಟು.

ಹೊರಗೆ ಗಾಳಿ
ಕಿಟಕಿಯ ಗಾಜನ್ನು ಹಲ್ಲಿನಂತೆ ಕಟಕಟಿಸುತ್ತಿತ್ತು.
ಗುಡ್ಡದ ಮೇಲೆ ಯಂತ್ರದ ಮೂರೂ ರೆಕ್ಕೆ ಸುಮ್ಮನೆ.
ಕೆಟ್ಟಿದೆಯೇ? ಎಂದೆ. ಇದು ನನ್ನ ಪಟ್ಟಿಯಲ್ಲಿರಲಿಲ್ಲ.

"ಚೆನ್ನಾಗಿದೆ. ಗಾಳಿ ಹೆಚ್ಚಾದ ದಿನ ನಿಲ್ಲಿಸುತ್ತಾರೆ.
ಕಡಲ ತಳದ ಕೇಬಲಿಗೆ ಹೊಟ್ಟೆ ತುಂಬಿದೆಯಂತೆ,
ಇನ್ನು ಒಂದು ತುತ್ತೂ ಹಿಡಿಸದಂತೆ.
ನನ್ನ ತಮ್ಮ ಎರ್ಲೆಂಡ್ ಅದರ ಪಾಯಕ್ಕೆ ಜಲ್ಲಿ ಹೊಡೆದವನು.
ಮೊದಲ ಸುತ್ತು ತಿರುಗಿದ ದಿನ ಊರಿಗೆಲ್ಲ ಕುಡಿಸಿದ.
ಇನ್ನು ಚಳಿ ನಮ್ಮ ಆಳು ಅಕ್ಕಾ, ಎಂದಿದ್ದ.
ಈಗ ಅವನು ಕುರ್ಚಿಯನ್ನು ಆಚೆ ಕಿಟಕಿಗೆ ಹಾಕಿಕೊಂಡಿದ್ದಾನೆ,
ದನಗಳನ್ನು ನೋಡುತ್ತಾನೆ."

ದೀಪದ ಬುಡಕ್ಕೆ ಕತ್ತಲೆ, ಒಪ್ಪೋಣ.
ಗಾಳಿಯ ಬುಡಕ್ಕೆ?

ಹದಿನಾಲ್ಕು: ಪರಿಸರದ ಬಗ್ಗೆ ನಿಮಗೆಷ್ಟು ಕಾಳಜಿ?
ಒಂದರಿಂದ ಐದರೊಳಗೆ ಒಂದಕ್ಕೆ ಸುತ್ತು ಹಾಕಿ.

"ಐದು ಹಾಕಿದವರು ಯಾರಾದರೂ ಇದ್ದಾರೋ?"

ಇದ್ದಾರೆ. ನಾನು.
ಎಡಿನ್‌ಬರೋದ ನಮ್ಮ ಆಫೀಸಿನಲ್ಲಿ ಎಲ್ಲರೂ ಐದು.
ಹೀಟರು ಉರಿಸಿ, ಸೆಕೆಯಾಯಿತೆಂದು ಕಿಟಕಿ ತೆರೆಯುವ ಮೋರಾಗ್ ಕೂಡ ಐದು.
ಲಿಸ್ಬನ್ನಿನ ಸಮಾವೇಶಕ್ಕೆ ಹಾರಿ ಹೋಗಿ
ಹಾರಬಾರದೆಂದು ಮಾತಾಡಿ ಬಂದೆ, ಮೇ ತಿಂಗಳಲ್ಲಿ.
ಚಪ್ಪಾಳೆ ಚೆನ್ನಾಗಿ ಬಿತ್ತು.
ಇದನ್ನೆಲ್ಲ ಹೇಳಲಿಲ್ಲ. "ಕೆಲವರು" ಎಂದೆ.

ಆಕೆ ಪೆನ್ನು ಎಳೆದುಕೊಂಡಳು. ದಾರ ಗಿಡ್ಡ;
ಹಲಗೆ ನನ್ನ ಮಡಿಲಲ್ಲಿ, ಆಕೆಯ ತಲೆ ನನ್ನ ಎದೆಯ ಹತ್ತಿರ,
ಉಣ್ಣೆಯ ಟೊಪ್ಪಿಗೆಗೆ ಮೀನಿನ ವಾಸನೆ.

"ಎರಡು," ಎಂದಳು. "ಜನವರಿಯಲ್ಲಿ ಎರಡು.
ರೀವ ಹಕ್ಕಿಗಳು ಭೂಮಿಯ ಆ ತುದಿಯಿಂದ ಬರುತ್ತವಲ್ಲ,
ಕಲ್ಲುಗಳ ನಡುವೆ ಮೊಟ್ಟೆಯಿಟ್ಟು, ದಾರಿಹೋಕರ ತಲೆ ಕುಕ್ಕುತ್ತವಲ್ಲ,
ಆಗ ಬಾ. ಆಗ ಕೇಳು."

ಸಂಜೆಯ ಹಡಗಿನಲ್ಲಿ ಸೀಟೂ ಬಿಸಿ, ಗೋಡೆಯೂ ಬಿಸಿ.
ಕೋಟು ಬಿಚ್ಚಿದೆ, ಸ್ವೆಟರು ಬಿಚ್ಚಿದೆ,
ಹಾಳೆ ತೆಗೆದೆ. ಎರಡರ ಸುತ್ತ ಏನೂ ಇರಲಿಲ್ಲ.
ಚಳಿಗೆ ಪೆನ್ನಿನ ಶಾಯಿ ಕಟ್ಟಿತ್ತು.
ದೀಪಕ್ಕೆ ಓರೆಯಾಗಿ ಹಿಡಿದಾಗ ಕಂಡಿತು,
ಕಾಗದ ಹರಿಯುವಷ್ಟು ಒತ್ತಿ ಬರೆದ ಬಿಳಿಯ ತಗ್ಗು.

ಅದರ ಮೇಲೆ ಶಾಯಿ ತಿದ್ದಲೇ ಬೇಡವೇ ಎಂದು ಕೂತಿದ್ದೆ.
ಕ್ಯಾಬಿನ್ನಿನಲ್ಲಿ ಹದಿನಾರು ದೀಪ,
ಪ್ರಯಾಣಿಕರು ಮೂವರು.